ಬೆಟ್ಟದ ದಾರಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ

ಜೀಪಿನಿಂದ ಇಳಿದೊಡನೆ ಗುರುಸ್ವಾಮಿ ಮಗಳ ಮುಖವನ್ನು ಕಳ್ಳಗಣ್ಣಿನಿಂದ ಪರಿಶೀಲಿಸಿದ. ಅನುಮಾನದ ಒಂದು ಗೆರೆಯೂ ಕಾಣಲಿಲ್ಲ. ತಾಳವಾಡಿಯ ಶಾಲೆಯಲ್ಲಿ ಮಕ್ಕಳ ಸುಳ್ಳನ್ನು ಬಾಗಿಲಲ್ಲೇ ಹಿಡಿಯುವ ಟೀಚರ್ ಪವಿತ್ರ, ಹೆತ್ತ ಅಪ್ಪನ ಸಂಚನ್ನು ಹಿಡಿಯಲಾರದೆ ಹೋಗಿದ್ದಳು. ತನ್ನ ಬುದ್ಧಿವಂತಿಕೆಯ ಬಗ್ಗೆ ಅವನಿಗೆ ಮೊದಲಿನಿಂದಲೂ ಗೌರವವಿತ್ತು. ಈಗ ಅದು ಇಮ್ಮಡಿಯಾಯಿತು.

ಸಂಚು ನಿಜಕ್ಕೂ ಜೀಪಿನಲ್ಲಿ ಜೊತೆಗೆ ಬಂದಿದ್ದ ಅವನ ಅಕ್ಕ ಗುರುಲಿಂಗಮ್ಮನದು. ದೊಡ್ಡಗಾಜನೂರಿನ ಮನೆಗೆ ಬಂದ ಐದು ಸಂಬಂಧಗಳನ್ನು ಪವಿತ್ರ ಕಾಫಿ ಆರುವ ಮೊದಲೇ ಬೇಡವೆಂದಿದ್ದಳು. ಕಾರಣ ಕೇಳಿದರೆ, ಮೊದಲು ಈ ಮನೆಗೊಂದು ವ್ಯವಸ್ಥೆಯಾಗಲಿ ಎಂಬುದೊಂದೇ ಉತ್ತರ. ಗುರುಸ್ವಾಮಿ ಮಗಳ ಮಾತು ಮೀರುವ ತಂದೆಯಲ್ಲ. ಹೆಂಚು ಇಳಿಸಿ ತಾರಸಿ ಹಾಕಿಸಿದ. ಹೆಂಡತಿ ಮಂಚಮ್ಮ ತೀರಿಕೊಂಡ ಒಂಬತ್ತು ವರ್ಷಗಳಿಂದ ಅನ್ನ, ಸಾರುಗಳ ಹೊರತು ಮೂರನೆಯದನ್ನು ಕಾಣದ ಅಡುಗೆಮನೆಗೆ ಗ್ರಾನೈಟ್ ಹಾಸಿಸಿದ. ಮಗಳು ಎರಡನ್ನೂ ನೋಡಿ ನಿಟ್ಟುಸಿರಿಟ್ಟಳು. ಅವನು ಬಚ್ಚಲಿಗೂ ಟೈಲ್ಸ್ ಹಾಕಿಸಿದ.

“ನೋಡಿಸ್ಕಳೋರ್ಗೆ ಗೊತ್ತಾದ್ರೆ ಕೆಟ್ಟೋಯ್ತದೆ ಕಣ್ಲಾ ಗುರು,” ಎಂದಿದ್ದಳು ಅಕ್ಕ. “ಬೇಸ್ಗೆ ರಜ, ಬೆಟ್ಟ ಅತ್ತವ ಅಂತ ಕರ್ಕಂಡೋಗದು. ಅವ್ರೂ ಅಕಸ್ಮಾತ್ ಬಂದಂಗೆ ಬತ್ತರೆ.”

ಇದೂ ತಪ್ಪಿದರೆ ಆರನೆಯದು. ಆರು ಸಲ ಮುರಿದ ಮನೆಗೆ ಏಳನೆಯವರು ಬರುವುದಿಲ್ಲ. ತಾನು ಕಣ್ಣು ಮುಚ್ಚಿದ ಮೇಲೆ ಈ ಹುಡುಗಿ ಯಾರೊಡನೆ ಕುಳಿತು ಉಣ್ಣುತ್ತಾಳೆ ಎಂಬ ಪ್ರಶ್ನೆ ಗುರುಸ್ವಾಮಿಯನ್ನು ಊಟದ ಹೊತ್ತಿಗೆ ಸರಿಯಾಗಿ ಕಾಡುತ್ತಿತ್ತು.

ಬೆಟ್ಟದ ಬುಡದಲ್ಲಿ ಅವರು ಅಕಸ್ಮಾತ್ತಾಗಿ ಸಿಕ್ಕರು, ಅದೂ ಹೇಳಿದ ಸಮಯಕ್ಕೆ ಐದು ನಿಮಿಷ ಮುಂಚೆ. ತಿಗನಾರೆಯ ಬಾಲವಾಡಿ ಟೀಚರ್ ಶಿವನಂಜಮ್ಮ, ವಯಸ್ಸು ಐವತ್ತರ ಆಸುಪಾಸು. ಜೊತೆಯಲ್ಲಿ ಆಕೆಯ ಅಣ್ಣನ ಮಗ ಉಮಾಶಂಕರ್. ಹುಡುಗ ಪವಿತ್ರಳತ್ತ ಒಮ್ಮೆಯೂ ಕಣ್ಣೆತ್ತಲಿಲ್ಲ. ಎಂತಹ ಸಂಸ್ಕಾರವೆಂದು ಗುರುಸ್ವಾಮಿ ಕರಗಿಹೋದ.

ಮಗಳು ಬಲವಂತವಾಗಿ ತೊಡಿಸಿದ ಹೊಸ ಅಂಗಿಯಲ್ಲಿ ಅವನಿಗೆ ಸೆಕೆ ಕುದಿಯುತ್ತಿತ್ತು. ಆದರೂ ಶಿವನಂಜಮ್ಮ, ನೀವು ಮುಂದೆ ನಡೆಯಿರಿ, ನಾವು ಹಿಂದೆ ಬರುತ್ತೇವೆ ಎಂದಾಗ ಅದನ್ನು ಮರ್ಯಾದೆಯೆಂದೇ ತಿಳಿದ. ಈ ವಂಶದಲ್ಲಿ ಉಬ್ಬಸವಿಲ್ಲವೆಂದು ತೋರಿಸಲು ಏರುದಾರಿಯನ್ನು ಓಡುನಡೆಯಲ್ಲಿ ಹತ್ತಿದ. ಅರ್ಧ ದಾರಿಯಲ್ಲಿ ಅರಣ್ಯ ಇಲಾಖೆಯ ತಮಿಳು ಫಲಕ. ತನ್ನ ಕಣ್ಣು ಮಂಜೆಂದು ಆಕೆ ಹೇಳಿದಳು. ಆನೆಗಳಿವೆ, ಎಚ್ಚರಿಕೆ ಎಂಬ ಸಂಗತಿಯನ್ನು ಅವನು ಕನ್ನಡಕವಿಲ್ಲದೆ, ಆನೆಗಳಿಗೂ ಕೇಳುವಂತೆ ಓದಿದ. ಆಮೇಲೆ ನಿಪ್ಪಟ್ಟು ಬಂತು. ಗಾರೆಯಷ್ಟು ಗಟ್ಟಿ. ಅವನು ಮೂರು ಕಡಿದ. ಆಕೆ ಎಣಿಸುವವಳಂತೆ ನೋಡುತ್ತಿದ್ದಳು.

ತುದಿಯ ಗುಡಿಯ ಮುಂದೆ ಒಂದು ಪದ ಹೇಳಿರೆಂದು ಆಕೆ ಕೇಳಿದಳು. ಗುರುಸ್ವಾಮಿ ಸಂಕೋಚಪಟ್ಟು ಎರಡು ಹೇಳಿದ. ಪಕ್ಕದ ಮರದ ಕೋತಿಗಳು ಜಾಗ ಬದಲಿಸಿದವು.

ಆಗ ಅವನಿಗೆ ಮೊದಲ ಬಾರಿ ಕಳವಳವಾಯಿತು. ಹೆಣ್ಣು ನೋಡುವ ಶಾಸ್ತ್ರ ಅವನಿಗೆ ತಿಳಿಯದ್ದೇ? ನಡೆಸಬೇಕು, ಓದಿಸಬೇಕು, ಹಾಡಿಸಬೇಕು. ಪವಿತ್ರಳನ್ನು ಯಾರೂ ಏನೂ ಕೇಳುತ್ತಿಲ್ಲ. ಅವಳು ಬಂಡೆಯ ಮೇಲೆ ಕುಳಿತು ಮಾವಿನಕಾಯಿಗೆ ಉಪ್ಪು ಹಚ್ಚುತ್ತಿದ್ದಾಳೆ. ಆದರೆ ಮೂವತ್ತು ವರ್ಷ ದನ ಸಾಕಿದವನ ತಲೆ ಖಾಲಿಯಿರುವುದಿಲ್ಲ. ಕರು ಕೊಳ್ಳಲು ಬಂದ ಜಾಣ ಕರುವಿನ ಬಾಯಿ ಬಿಡಿಸುವುದಿಲ್ಲ, ಹೆತ್ತದ್ದನ್ನು ನೋಡುತ್ತಾನೆ. ತಾಯಿ ಇಲ್ಲವಾದ್ದರಿಂದ ತಂದೆಯನ್ನು ನೋಡುತ್ತಿದ್ದಾರೆ. ಗುರುಸ್ವಾಮಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತ.

ಊಟಕ್ಕೆ ಬಡಿಸುವಾಗ ಉಮಾಶಂಕರನ ಕೈಯಿಂದ ಮೊಸರಿನ ಡಬ್ಬಿ ಜಾರಿ ಹೊಸ ಅಂಗಿಯ ಮೇಲೆ ಮಗುಚಿತು. ಬೇರೆ ದಿನವಾಗಿದ್ದರೆ ಆ ಹುಡುಗನ ಏಳು ತಲೆಮಾರು ಬೆಟ್ಟದ ಮೇಲೆ ಹಾಜರಾಗುತ್ತಿತ್ತು. ಗುರುಸ್ವಾಮಿ ಹಲ್ಲು ಕಚ್ಚಿ ಮುಗುಳ್ನಕ್ಕ. ಶಿವನಂಜಮ್ಮ ಗುರುಲಿಂಗಮ್ಮನತ್ತ ತಿರುಗಿ ಸಣ್ಣಗೆ ತಲೆಯಾಡಿಸಿದಳು.

“ಮದ್ವೆ ಆದ್ಮೇಲೆ ಎಂಗ್ಸು ಕೆಲ್ಸಕ್ಕೋಗದು ನಿಮ್ಗೆ ಸರಿನಾ?” ಎಂದು ಗುರುಸ್ವಾಮಿಯನ್ನು ನೇರವಾಗಿಯೇ ಕೇಳಿದಳು.

ಮಗಳ ಕೆಲಸ ಉಳಿಯುವ ಪ್ರಶ್ನೆ. ಗುರುಸ್ವಾಮಿ ಒಂದು ಕ್ಷಣವೂ ತಡಮಾಡಲಿಲ್ಲ. “ಓಗ್ಲಿ ಬುಡಿ. ಅವ್ರ ಕಾಲು, ಅವ್ರ ದಾರಿ. ಸಂಜೆಗೆ ಮನೆಗ್ ಬಂದು ನಗ್ನಗ್ತಾ ಒಂದ್ ಮಾತಾಡುದ್ರೆ ಆಯ್ತು.”

“ಅಡ್ಗೆ?”

“ಅನ್ನ ಸಾರು ನಾನೇ ಮಾಡ್ತಿನಲ್ಲ.”

ಮದುವೆಯಾಗಿ ಹೋದ ಮಗಳಿಗೆ ತಾನು ಹೇಗೆ ಸಾರು ಮಾಡಿಕೊಡುವೆನೆಂದು ಅವನು ಯೋಚಿಸಲಿಲ್ಲ. ಗೆಲ್ಲುತ್ತಿರುವವನು ಲೆಕ್ಕ ಸರಿನೋಡುವುದಿಲ್ಲ.

ಬಿಸಿಲು ಇಳಿಯುವ ಮೊದಲು ಅವರೆಲ್ಲ ಕೆಳಗೆ ಬಂದರು. ಹುಣಸೆಮರದ ನೆರಳಿನಲ್ಲಿ ಹೆಂಗಸರ ಪಿಸುಮಾತು ನಡೆಯಿತು. ಅದರಲ್ಲಿ ಪವಿತ್ರಳೂ ಸೇರಿಕೊಂಡದ್ದನ್ನು ಗುರುಸ್ವಾಮಿ ಕಂಡ. ಗುಟ್ಟು ಬಯಲಾಯಿತು; ಇನ್ನು ಆರನೆಯದೂ ಹೋಯಿತು. ಆದರೆ ಮಗಳು ನಗುತ್ತಿದ್ದಳು. ಗುರುಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು.

“ಒಪ್ಪುದ್ರು ಕಣ್ಲಾ.”

ಗುರುಸ್ವಾಮಿ ಬೆಟ್ಟಕ್ಕೆ ಕೈಮುಗಿದ. ಮೊಸರು ಒಣಗಿದ ಅಂಗಿಯಲ್ಲೇ ಓಡಿಹೋಗಿ ಉಮಾಶಂಕರನ ಎರಡೂ ಕೈ ಹಿಡಿದುಕೊಂಡು ಅಳಿಯಂದಿರೇ ಎಂದ. ಹುಡುಗ ಬಹಳ ವಿನಯದಿಂದ ಕೈ ಬಿಡಿಸಿಕೊಂಡ. ತನಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆಂದು ತಿಳಿಸಿದ.

ಗುರುಸ್ವಾಮಿ ತಿರುಗಿ ನೋಡಿದ. ಅಷ್ಟು ಹೊತ್ತೂ ಅವನನ್ನು ದಿಟ್ಟಿಸುತ್ತಿದ್ದ ಶಿವನಂಜಮ್ಮ ಈಗ ನೆಲ ನೋಡುತ್ತಿದ್ದಳು.

“ಅವ್ರು ನೋಡಕ್ ಬಂದಿದ್ದು, ನೋಡಿ ಒಪ್ಪಿದ್ದು, ಎಲ್ಲಾ ನಿನ್ನೇ ಕಣಪ್ಪ,” ಎಂದಳು ಪವಿತ್ರ.