ನಲವತ್ತಮೂರನೇ ಮಡೆ

ಎಂಜಿನಿಯರಮ್ಮ ನಕ್ಷೆಯನ್ನು ಜಗಲಿಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲಿಟ್ಟು, ಕೆರೆಯ ತೂಬಿನ ಪಕ್ಕದ ಹಸಿರು ಚೌಕದ ಮೇಲೆ ಬೆರಳಿಟ್ಟರು. "ಈ ಅರ್ಧ ಎಕರೆ ಸರ್ಕಾರದ್ದು. ಇನ್ಮೇಲೆ ನಿಮ್ಮದು, ಯಜಮಾನರೇ. ಆ ಕೊನೇ ಗದ್ದೆ ಬಿಟ್ಟುಕೊಟ್ಟು ಇದನ್ನ ತಗೊಳ್ಳಿ. ಮೂವತ್ತು ವರ್ಷ ಊರಿಗೆಲ್ಲ ನೀರು ಹಂಚಿದವರ ಗದ್ದೆ ಕಾಲುವೆಯ ಬಾಲದಲ್ಲಿರೋದು ನನಗೆ ಸರಿ ಕಾಣಲಿಲ್ಲ."

ಬಾಗಿಲ ಬಳಿ ಬಿತ್ತನೆ ಕಾಳು ಆರಿಸುತ್ತಿದ್ದ ನೀರುಗಂಟಿಯ ಹೆಂಡತಿಯ ಕೈ ಮೊರದಲ್ಲೇ ನಿಂತಿತು. "ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ! ನೀರು ಕೊನೆಗೆ ಸಿಗೋದಕ್ಕೆ, ಊರೋರ ಹುಲ್ಲೆಲ್ಲ ಬಣವೆ ಏರಿದ್ರೂ ನಮ್ಮ ಪೈರು ಮಾತ್ರ ಇನ್ನೂ ನಿಂತೇ ಇರುತ್ತೆ. ಊರಿನ ಹಕ್ಕಿಗಳಿಗೆಲ್ಲ ಆಮೇಲೆ ನಮ್ಮಲ್ಲೇ ಊಟ."

ನೀರುಗಂಟಿ ಗುದ್ದಲಿಯ ಕಾವಿಗೆ ಒಣಗಿ ಅಂಟಿದ್ದ ಕೆಸರನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ. "ಬೇಡ ಮೇಡಂ" ಎಂದ.

"ನಿಮಗೆ ತಲೆ ನೆಟ್ಟಗಿದೆಯಾ?" ಎಂದಳು ಹೆಂಡತಿ.

ಎಂಜಿನಿಯರಮ್ಮನಿಗೆ ಕೋಪ ಬರಲಿಲ್ಲ, ಕುತೂಹಲವಾಯಿತು. "ಯಾಕೆ ಬೇಡ?"

"ಆ ಗದ್ದೆ ನಮ್ಮಪ್ಪ ಮಾಡಿಟ್ಟಿದ್ದಲ್ಲ, ಕೆಲಸದ ಜೊತೆ ಬಂದಿದ್ದು. ನೀರುಗಂಟಿ ಯಾರೋ, ಕೊನೇ ಗದ್ದೆ ಅವನದು. ಯಾವ ಕಾಲದಲ್ಲಿ ಯಾರು ಹಾಗೆ ಮಾಡಿದ್ರೋ ಗೊತ್ತಿಲ್ಲ. ಮೇಲಿನ ನಲವತ್ತೆರಡು ಗದ್ದೆ ಕುಡಿದು ಮುಗಿಸಿದ ಮೇಲೆ ನನಗೆ ನೀರು. ಯಾರೇ ಒಂದು ಗಳಿಗೆ ಜಾಸ್ತಿ ಕುಡಿದ್ರೂ ಮೊದಲು ಒಣಗೋದು ನಂದೇ. ಅದಕ್ಕೇ ಗದ್ದೆಗೆ ನೀರು ಬಿಡೋ ಒಂದೊಂದು ಮಡೇನೂ ಬಗ್ಗಿ ನೋಡ್ಕೊಂಡು ಬರ್ತೀನಿ. ಕೆಲವರು ಮಡೆ ಮುಚ್ಚಿದ ಹಾಗೆ ಮಾಡಿ ಕೆಳಗೊಂದು ತೂತು ಬಿಟ್ಟಿರ್ತಾರೆ. ಕೇಳಿದ್ರೆ, ಏಡಿ ಕೊರೆದಿದೆ ಅಂತಾರೆ. ಏಡಿ ಕೊರೆದ ತೂತು ಗುಂಡಗಿರುತ್ತೆ ಮೇಡಂ. ಈ ಊರಿನ ಏಡಿಗಳು ಗುದ್ದಲಿ ಹಿಡ್ಕೊಂಡು ಕೊರೀತವೆ."

ಎಂಜಿನಿಯರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ ನಕ್ಷೆಯನ್ನೇ ನೋಡಿದರು. ಕಾಲುವೆಯ ನೀಲಿ ಗೆರೆಯ ಉದ್ದಕ್ಕೂ, ಗದ್ದೆಗೆ ನೀರು ತಿರುಗುವ ಕಡೆಯೆಲ್ಲ ಒಂದೊಂದು ಚುಕ್ಕೆ. ಮೊದಲ ಚುಕ್ಕೆಯಿಂದ ನಲವತ್ತಮೂರನೆಯದರವರೆಗೆ ಅವರ ಬೆರಳು ನಿಧಾನವಾಗಿ ಸರಿಯಿತು.

"ಬೇರೆ ಕಾಲುವೆಗಳಲ್ಲಿ ಮಡೆಗೆ ಬೀಗ ಹಾಕಿದೀವಿ. ಬೀಗಕ್ಕೊಬ್ಬ ಕಾವಲುಗಾರ, ಅವನ ಮೇಲೊಬ್ಬ ಮೇಲ್ವಿಚಾರಕ. ಆದರೂ ಕೊನೇ ಗದ್ದೆಗೆ ನೀರು ಮುಟ್ಟಲ್ಲ. ಇಲ್ಲಿ ಬೀಗಾನೂ ಇಲ್ಲ, ಏನೂ ಇಲ್ಲ, ಕೊನೇವರೆಗೂ ಹಸಿರು. ನೀವು ಒಳ್ಳೇ ಮನುಷ್ಯರು, ಅದಕ್ಕೇ ಹೀಗೆ ಅಂದ್ಕೊಂಡಿದ್ದೆ." ಅವರ ಕಣ್ಣು ಅರಳಿತು. "ಒಳ್ಳೆಯವರೇ ಆಗಬೇಕಾಗಿಲ್ಲ, ಅಲ್ವಾ! ಆ ಗದ್ದೆ ಯಾರ ಕೈಗೆ ಕೊಟ್ಟರೂ ನಡೆಯುತ್ತೆ. ಅಬ್ಬಾ, ಎಷ್ಟು ಯೋಚನೆ ಮಾಡಿ ಇಟ್ಟಿದ್ದಾರೆ!"

ಹೊಸದೊಂದು ಕಂಡ ಖುಷಿಯಲ್ಲಿ ಆಡಿದ ಮಾತು, ಅದರಲ್ಲಿ ಕುಹಕವಿರಲಿಲ್ಲ. ಆದರೆ ನೀರುಗಂಟಿಯ ಉಗುರು ಕಾವಿನ ಮೇಲೆ ಹಾಗೇ ನಿಂತಿತು. ಊರಲ್ಲಿ ಯಾರ ಗೋಡೆ ಯಾರ ಕಡೆ ಸರಿದರೂ "ನೀರುಗಂಟಿ ಬಂದು ಹೇಳಲಿ, ಅವನು ನಿಯತ್ತಿನವನು" ಎನ್ನುತ್ತಿದ್ದರು. ಆ ಹೆಸರೊಂದು ಮಾತ್ರ ತನ್ನ ಸ್ವಂತ ದುಡಿಮೆಯದೆಂದು ಅವನು ನಂಬಿಕೊಂಡಿದ್ದ.

"ಹಾಗಿದ್ರೆ ಸುಲಭ ಆಯ್ತಲ್ಲ" ಎಂದಳು ಹೆಂಡತಿ. "ತೂಬಿನ ಪಕ್ಕದ್ದನ್ನ ತಗೊಳ್ಳಿ. ಒಂದೇ ಒಂದು ಬೆಳೆ. ನಿಯತ್ತು ನಿಮ್ಮದೋ ಗದ್ದೇದೋ, ಗೊತ್ತಾಗಿಬಿಡ್ಲಿ."

"ನಾಳೆ ಬೆಳಿಗ್ಗೆ ಬರ್ತೀನಿ. ಹೂಂ ಅಥವಾ ಉಹೂಂ, ಒಂದು ಹೇಳಿ" ಎಂದು ಎಂಜಿನಿಯರಮ್ಮ ನಕ್ಷೆ ಸುತ್ತಿಕೊಂಡು ಹೊರಟರು.

ಅವತ್ತು ಸಂಜೆ ಮಡೆಗಳನ್ನೆಲ್ಲ ನೋಡಿಬಂದ ಮೇಲೂ ಅವನು ಮನೆ ಸೇರಲಿಲ್ಲ. ಹುಡುಕಿಕೊಂಡು ಬಂದ ಹೆಂಡತಿಗೆ, ತೂಬಿನ ಪಕ್ಕದ ಆ ಅರ್ಧ ಎಕರೆಯ ಬದುವಿನ ಮೇಲೆ ಗುದ್ದಲಿ ಒರಗಿಸಿಕೊಂಡು ಕೂತಿದ್ದ ಗಂಡ ಕಂಡ. ಅವಳು ಮೊದಲು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಚುಕಿ ನೋಡಿದಳು. "ಬೆಣ್ಣೆ ಕಣ್ರೀ, ಬೆಣ್ಣೆ."

"ಎತ್ತು ಸತ್ತ ವರ್ಷ ನೆನಪಿದೆಯೇನೇ? ನಮ್ಮ ಗದ್ದೆ ಬೀಳು ಬಿಟ್ಟಿದ್ವಲ್ಲ."

"ಮರೆಯೋಕಾಗುತ್ತಾ?"

"ಆ ವರ್ಷ ನಮ್ಮ ಮೇಲಿನ ಗದ್ದೆ ಮುದುಕಿ ಎರಡು ಸಲ ಮನೆ ಬಾಗಿಲಿಗೆ ಬಂದಿದ್ಲು, ನೀರು ಬರ್ತಿಲ್ಲ ಅಂತ. ಕಾಲುವೇಲಿ ಹೂಳು ತುಂಬಿದೆ ಅಂತ ಹೇಳಿ ಕಳಿಸ್ದೆ."

"ತುಂಬಿತ್ತಲ್ಲ ಮತ್ತೆ?"

"ಯಾರಿಗೆ ಗೊತ್ತು? ನಾನು ಅಲ್ಲೀವರೆಗೂ ಹೋಗೇ ಇರ್ಲಿಲ್ಲ."

ಅವನು ಪಕ್ಕಕ್ಕೆ ಸರಿದು ಜಾಗ ಬಿಟ್ಟ. "ಇಲ್ಲಿ ಕೂತ್ಕೊಂಡು ನೋಡು. ಏನೇನು ಕಾಣುತ್ತೆ ಹೇಳು."

ಅವಳು ಕೂತು ನೋಡಿದಳು. "ಮೂರು ಗದ್ದೆ ಕಾಣುತ್ತೆ. ಎಷ್ಟು ಚೆನ್ನಾಗಿವೆ! ಆಮೇಲೆ ಕಾಲುವೆ ತಿರುಗೋ ದಿಬ್ಬ."

"ದಿಬ್ಬದಾಚೆ?"

ಅವಳು ಕತ್ತು ಎತ್ತಿದಳು. ಎದ್ದು ನಿಂತೂ ನೋಡಿದಳು. ಉಳಿದ ನಲವತ್ತರಲ್ಲಿ ಒಂದು ಗದ್ದೆಯೂ ಕಾಣಲಿಲ್ಲ. ಆಮೇಲೆ ಮೆಲ್ಲಗೆ ಕೂತಳು. ಹಿಡಿದಿದ್ದ ಮಣ್ಣು ಬೆರಳ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಉದುರಿತು.

"ನಾಳೆ ಆಯಮ್ಮ ಬಂದಾಗ ನೀವು ಬಾಯಿ ಬಿಡಬೇಡಿ" ಎಂದಳು. "ನಾನೇ ಹೇಳ್ತೀನಿ."

"ಏನಂತ?"

"ಮಣ್ಣು ಬೆಣ್ಣೆ, ಆದ್ರೆ ಕಣ್ಣಿಗೆ ಆಗಿಬರಲ್ಲ ಅಂತ."