ಬಿಳಿ ಅಂಚಿನ ಫೋಟೋಗಳು

ಅಪ್ಪ ಡಬ್ಬಿಯ ಜಾಗವನ್ನು ಮತ್ತೆ ಬದಲಿಸಿದ್ದರು. ನಿನ್ನೆ ಬೀರುವಿನ ಮೇಲಿತ್ತು. ಇವತ್ತು ಹಳೆಯ ಪರದೆಗಳ ಅಡಿಯಲ್ಲಿ ಸಿಕ್ಕಿತು. ಮಗಳು ಅದನ್ನೆತ್ತಿಕೊಂಡು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ನಿಂತೇ ಇದ್ದಳು. ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಮನುಷ್ಯ ಮೂರು ದಿನದಲ್ಲಿ ಮೂರು ಕಡೆ ಯಾಕೆ ಅಡಗಿಸಿಡುತ್ತಾನೆ?

ಅದು ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಎರಡೆರಡು ಚಿತ್ರದ ಉದ್ದಕ್ಕೆ ಕತ್ತರಿಸಿದ ನೆಗೆಟಿವ್ ತುಂಡುಗಳು, ನೂರಾರು. ತಿಂಗಳ ಹಿಂದೆ ಅಪ್ಪನಿಗೆ ತಿಳಿಯದಂತೆ ಹತ್ತಿಪ್ಪತ್ತನ್ನು ಕಂಪ್ಯೂಟರಿಗೆ ಹಾಕಿ ನೋಡಿ ದಂಗಾಗಿದ್ದಳು.

ಹೆಸರಾದ ಫೋಟೋಗ್ರಾಫರುಗಳನ್ನು ಎಲ್ಲರೂ ನೋಡುತ್ತಾರೆ. ಅವಳ ಹುಚ್ಚು ಹೆಸರಾಗದವರದ್ದು. ರದ್ದಿ ಅಂಗಡಿ, ಹಳೆಯ ವಾರಪತ್ರಿಕೆ, ಇಂಟರ್‌ನೆಟ್ಟಿನ ಸಂದಿಗೊಂದಿ ಎಲ್ಲ ಜಾಲಾಡಿ, ಒಬ್ಬ ನರ್ಸು, ಒಬ್ಬ ಅಂಚೆಯವ, ಒಬ್ಬ ಲಾರಿ ಡ್ರೈವರು ತೆಗೆದ ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡಿದ್ದಳು. ಅವರನ್ನೆಲ್ಲ ಮೀರಿಸುವವನು ಅವಳ ಮನೆಯ ಡಬ್ಬಿಯಲ್ಲೇ ಕೂತಿದ್ದ.

ಅವನ ಚಿತ್ರಗಳಲ್ಲಿ ಯಾರೂ ಕ್ಯಾಮೆರಾ ನೋಡುತ್ತಿರಲಿಲ್ಲ. ಚೌಕಟ್ಟು ಓರೆ. ಕುರ್ಚಿಯ ಅರ್ಧ ಕಾಲು, ಪರದೆಯ ಒಂದು ಮಡಿಕೆ, ಒಂದು ಅಂಚನ್ನು ಪೂರ್ತಿ ನುಂಗಿಹಾಕಿದ ಬಿಳಿ ಬೆಳಕು. ಅಷ್ಟು ಬೆಳಕನ್ನು ಒಳಗೆ ಬಿಟ್ಟುಕೊಳ್ಳಲು ಎಂಟೆದೆ ಬೇಕು ಎಂದುಕೊಂಡ ಅವಳು, ತನ್ನ ಚಿತ್ರಗಳಲ್ಲೂ ಒಂದು ಅಂಚನ್ನು ಬಿಳಿಚಿಸತೊಡಗಿದಳು. ಪತ್ರಿಕೆಯೊಂದು ಮೂರನ್ನು ಅಚ್ಚು ಹಾಕಿತು. ಅಪ್ಪ ಕನ್ನಡಕ ಏರಿಸಿ ನೋಡಿ, ಒಂದು ಕಡೆ ಹಾಳಾಗಿದೆಯಲ್ಲ ಎಂದರು. ಅವರದ್ದು ಗಲ್ಲ ಮೇಲೆ, ಕಣ್ಣು ಇಲ್ಲಿ, ಅಲುಗಾಡಬೇಡಿ ಎನ್ನುವ ಕಾಲ. ಅವರ ಗೋಡೆಯ ಮೇಲಿನ ಮದುಮಕ್ಕಳೆಲ್ಲ ಶಿಕ್ಷೆಗೆ ನಿಲ್ಲಿಸಿದವರಂತೆ ಕಾಣುತ್ತಿದ್ದರು.

ಇಷ್ಟೇ ಆಗಿದ್ದರೆ ಅವಳು ಹಾಯಾಗಿರುತ್ತಿದ್ದಳು. ನೆಮ್ಮದಿ ಕೆಡಿಸಿದ್ದು ಆ ಚಿತ್ರಗಳಲ್ಲಿದ್ದ ಹೆಂಗಸು. ಎಲ್ಲದರಲ್ಲೂ ಒಬ್ಬಳೇ. ಕುರ್ಚಿ ಒರೆಸುತ್ತಿದ್ದಳು, ಬಾಯಲ್ಲಿ ಪಿನ್ನು ಕಚ್ಚಿಕೊಂಡು ಪರದೆ ಎಳೆಯುತ್ತಿದ್ದಳು, ಯಾವುದಕ್ಕೋ ತಲೆ ಹಿಂದೆ ಚೆಲ್ಲಿ ನಗುತ್ತಿದ್ದಳು. ಅಮ್ಮ. ಇಪ್ಪತ್ತೈದರ, ಮೂವತ್ತರ ಅಮ್ಮ.

ಅಪ್ಪನಂತೂ ಅಮ್ಮನ ಫೋಟೋ ತೆಗೆದವರಲ್ಲ. ಮನೆಯ ಹಳೇ ತಕರಾರು ಅದು. ಗುರುತಿನ ಚೀಟಿಗೂ ಅಮ್ಮ ಪಕ್ಕದ ಬೀದಿಯ ಅಂಗಡಿಗೆ ಹೋಗಿ ತೆಗೆಸಿಕೊಂಡು ಬಂದಿದ್ದಳು. ಕೇಳಿದರೆ, ಕೂರಿಸಿದ ತಕ್ಷಣ ಅವಳ ಮುಖ ಬಿಗಿದುಕೊಳ್ಳುತ್ತದೆ ಎಂದು ಅಪ್ಪ ಮಾತು ಹಾರಿಸುತ್ತಿದ್ದರು.

ಹಾಗಾದರೆ ಇನ್ಯಾರು? ಕಪ್ಪುಬಿಳುಪು ಫೋಟೋಗಳಿಗೆ ಬಣ್ಣ ತುಂಬುವ ಬ್ರಷ್ ಮಾಮ ಎಂಬೊಬ್ಬ ಸ್ಟುಡಿಯೋದಲ್ಲಿದ್ದನಂತೆ. ಅಮ್ಮನನ್ನು ಬಹಳ ನಗಿಸುತ್ತಿದ್ದನಂತೆ. ಇವಳು ಹುಟ್ಟುವ ಕೆಲವು ತಿಂಗಳ ಮುಂಚೆ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದನಂತೆ. ಪ್ರೀತಿಯಿಲ್ಲದ ಕಣ್ಣು ಒಬ್ಬಳನ್ನು ಹೀಗೆ ನೋಡಲಾರದು. ಅಷ್ಟು ಅವಳಿಗೆ ಖಾತ್ರಿಯಿತ್ತು. ತಾನು ಗುರು ಎಂದುಕೊಂಡವನು ಅಮ್ಮನಿಗೆ ಏನಾಗಬೇಕು? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂದು ಕೂತಿತ್ತು: ತಾನು ಯಾರ ಮಗಳು?

ಮೂರು ದಿನದ ಹಿಂದೆ ತಡೆಯಲಾರದೆ ಡಬ್ಬಿಯನ್ನು ಅಪ್ಪನ ಮುಂದಿಟ್ಟಿದ್ದಳು.

"ಇವನ್ನ ಯಾರು ತೆಗೆದಿದ್ದು?"

ಅಪ್ಪನ ಮುಖ ಕೆಂಪಾಯಿತು. "ಯಾರೂ ತೆಗೆದಿದ್ದಲ್ಲ. ಬಿಸಾಡೋ ಸಾಮಾನು ಅದು."

"ಬಿಸಾಡೋದನ್ನ ಯಾಕೆ ಇಟ್ಟುಕೊಂಡ್ರಿ?"

ಅಪ್ಪ ಡಬ್ಬಿ ಮುಚ್ಚಿ, ಎದ್ದು ಹೋಗುವಾಗ, "ನಿಮ್ಮಮ್ಮನಿಗೆ ತೋರಿಸಬೇಡ," ಎಂದಷ್ಟೇ ಹೇಳಿದರು. ಅಂದಿನಿಂದ ಅವಳಿಗೆ ಊಟ ಸೇರಿರಲಿಲ್ಲ.

ಇವತ್ತು ಕೇಳಿಯೇ ತೀರುವುದೆಂದು ಡಬ್ಬಿ ಹಿಡಿದು ಮುಂದಿನ ಕೋಣೆಗೆ ಬಂದಳು. ಹೊತ್ತು ಸರಿಯಿರಲಿಲ್ಲ. ಹನ್ನೆರಡಕ್ಕೆ ಗಿರಾಕಿಯೊಬ್ಬರು ಬರುವವರಿದ್ದರು, ಕಾಲೇಜಿನ ಮೇಷ್ಟರು. ತಮಗೆ ಹಳೇ ಕಾಲದ ಹಾಗೆ ಫಿಲ್ಮಿನಲ್ಲೇ ತೆಗೆದ ಫೋಟೋ ಬೇಕೆಂದು ಹಟ ಹಿಡಿದಿದ್ದರು. ಇಪ್ಪತ್ತು ವರ್ಷ ಬೀರುವಿನಲ್ಲಿ ಮಲಗಿದ್ದ ಕ್ಯಾಮೆರಾವನ್ನು ಅಪ್ಪ ಹೊರಗೆ ತೆಗೆದಿದ್ದರು. ಅವರ ಬೆರಳುಗಳು ಸಲೀಸಾಗಿ ಓಡುವುದನ್ನು ಮಗಳು ಬಾಗಿಲಲ್ಲೇ ನಿಂತು ನೋಡಿದಳು. ಅವಳು ಕ್ಯಾಮೆರಾ ಹಿಡಿಯುವ ಹೊತ್ತಿಗೆ ಫಿಲ್ಮಿನ ಕಾಲ ಮುಗಿದಿತ್ತು. ರೋಲ್ ಹಾಕುವುದನ್ನು ಅವಳು ನೋಡಿದ್ದೇ ಇಲ್ಲ.

ಅಪ್ಪ ಫಿಲ್ಮಿನ ತುದಿ ಸಿಕ್ಕಿಸಿ ಹಿಂಬದಿಯ ಮುಚ್ಚಳ ಒತ್ತಿದರು. ಅಮ್ಮ ಬಗ್ಗಿ ಕುರ್ಚಿ ಒರೆಸುತ್ತಿದ್ದಳು. ಅಪ್ಪ ಕ್ಯಾಮೆರಾವನ್ನು ಕಣ್ಣಿಗೆ ಒಯ್ಯಲಿಲ್ಲ. ಎದೆಯ ಹತ್ತಿರವೇ ಹಿಡಿದು, ಅಮ್ಮನತ್ತ ಸ್ವಲ್ಪ ತಿರುಗಿ, ಒತ್ತಿದರು. ಸುರುಳಿ ತಿರುಗಿಸಿ ಇನ್ನೊಮ್ಮೆ ಒತ್ತಿದರು.

"ಅಮ್ಮನ ಫೋಟೋ ತೆಗೆದ್ರಾ?" ಎಂದಳು ಮಗಳು. ಅವಳಿಗೇ ತನ್ನ ದನಿ ಒರಟಾಗಿ ಕೇಳಿಸಿತು.

ಅಮ್ಮ ತಲೆಯೆತ್ತದೆ ನಕ್ಕಳು. "ಎಲ್ಲಿಯ ಫೋಟೋ ಬಂತು. ರೋಲ್ ಹಾಕುವಾಗ ಅದರ ಮೊದಲಿಗೆ ಬೆಳಕು ತಗುಲಿ ಹಾಳಾಗಿರುತ್ತೆ. ಅದಕ್ಕೇ ಎರಡು ಸಲ ಸುಮ್ಮನೆ ಒತ್ತಿ ಮುಂದಕ್ಕೆ ತಳ್ಳೋದು. ತೊಳೆದ ಮೇಲೆ ಆ ತುಂಡನ್ನ ಕತ್ತರಿಸಿ ಬಿಸಾಡ್ತಾರೆ. ಮದುವೆಯಾದಾಗಿಂದ ನೋಡ್ತಿದ್ದೀನಿ, ರೋಲಿಗೆ ಎರಡು ದಂಡ."

ಬಟ್ಟೆ ಕೊಡವಿ, ಮೇಷ್ಟರು ಬಂದರೋ ನೋಡುತ್ತೇನೆಂದು ಅವಳು ಹೊರಗೆ ಹೋದಳು.

ಮಗಳು ಡಬ್ಬಿ ಹಿಡಿದುಕೊಂಡೇ ನಿಂತಿದ್ದಳು. ಎರಡೆರಡು ಚಿತ್ರದ ನೂರಾರು ತುಂಡುಗಳು. ಅಪ್ಪ ಅವಳ ಮುಖ ನೋಡದೆ ಕ್ಯಾಮೆರಾದ ಗಾಜು ಒರೆಸತೊಡಗಿದರು.

"ಗೋಡೆ ಕಡೆಗೆ ಹಿಡಿದು ಒತ್ತಿದ್ದರೂ ನಡೀತಿತ್ತು," ಎಂದರು.