ಅಂಗಳದ ಗುಂಡಿ

ಹೊಸ ಮನೆಯ ಅರ್ಥಿಂಗ್ ಗುಂಡಿಗೆ ವೈರ್‌ಮನ್ ಇದ್ದಿಲು, ಕಲ್ಲುಪ್ಪು ಸುರಿದು ನೀರು ಹಾಕುತ್ತಿದ್ದಾನೆ. ಉಪ್ಪು ಬೀಳುವಾಗ ನಾನು ಮುಖ ತಿರುಗಿಸಿ ನಿಂತಿದ್ದೇನೆ.

ಬಸವಾಪಟ್ಟಣದ ನಮ್ಮ ಹಳೇ ಮನೆಗೆ ಅಪ್ಪ ಚನ್ನಗಿರಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ತಂದಿದ್ದ. ಅದಕ್ಕೆ ಸಿಕ್ಕಿಸಿದ ಕಬ್ಬಿಣದ ಟೇಬಲ್ ಫ್ಯಾನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತೆ ಎಂದು ಅವ್ವ ವಾರದಿಂದ ಹೇಳುತ್ತಿದ್ದಳು. ಆ ಮಧ್ಯಾಹ್ನ ವೈರಿಂಗ್ ಮಾಡುವ ಸಾಬರು ಬಂದು, ಗೋಡೆಯಲ್ಲಿದ್ದ ಎರಡೇ ತೂತಿನ ಪ್ಲಗ್ ನೋಡಿದರು.

"ಬೋರ್ಡಿಗೆ ಮೂರು ತೂತಿದ್ರೆ ಏನ್ ಬಂತ್ರೀ? ಮನೆಗೇ ಅರ್ಥಿಂಗ್ ಇಲ್ಲ, ಸೋರಿದ ಕರೆಂಟು ನೆಲಕ್ಕೆ ಹೋಗಾಕೆ ದಾರೀನೇ ಇಲ್ಲ. ಅಂಗಳದಾಗೆ ಒಂದು ಗುಂಡಿ ತೋಡಿಸ್ರಿ, ಉಪ್ಪು, ಇದ್ದಿಲು ಹಾಕಿ ತಂತಿ ಇಳಿಸ್ತೀನಿ. ಅಲ್ಲೀವರೆಗೂ ಫ್ಯಾನ್ ಹಾಕಬ್ಯಾಡ್ರಿ."

ಜಗಲಿಯಿಂದ ಅಜ್ಜ ಗದರಿದ: "ಮನೆ ಅಂಗಳದಾಗೆ ಗುಂಡೀನಾ? ಯಾರನ್ನ ಹೂಳಾಕೆ?"

ಅಪ್ಪ ನಕ್ಕು, ಸಾಬರಿಗೆ ಚಾ ಕುಡಿಸಿ ಕಳಿಸಿದ. "ರಬ್ಬರ್ ಚಪ್ಪಲಿ ಮೆಟ್ಕೊಂಡು ಮುಟ್ಟು" ಎಂದ ಅವ್ವನಿಗೆ. ಸೊಸೆ ಮನೆಯೊಳಗೆ ಚಪ್ಪಲಿ ಮೆಟ್ಟಿದರೆ ಅಜ್ಜ ಸುಮ್ಮನಿರುತ್ತಿದ್ದನೇ?

ನಾಲ್ಕನೇ ದಿನ ಅವ್ವ ನೆಲ ಒರೆಸುತ್ತಾ ಒದ್ದೆ ಕೈಯಲ್ಲಿ ಫ್ಯಾನ್ ಸರಿಸಿದಳು.

ಗುಂಡಿಯನ್ನು ಹೊಲದಲ್ಲಿ ತೋಡಿಸಿದರು. ಅವ್ವನನ್ನು ಅದರೊಳಗೆ ಕೂರಿಸಿ, ವಿಭೂತಿ ಇಟ್ಟು, ಸುತ್ತ ಉಪ್ಪು ಸುರಿದರು. ಮೊದಲ ಹಿಡಿ ಹಾಕಿದವನು ಅಜ್ಜ.